ಮೂರು ಮಾತ್ರೆಗೂ ಜಗ್ಗದ ಸೊಸೆ

ಮೀನಿನ ಬಲೆ ಕಟ್ಟುವ ಆ ಶೆಡ್ಡಿನಲ್ಲಿ ಮನೆಯ ಸೊಸೆಯನ್ನು ಎಲ್ಲರೂ ಇಕ್ಕಳ ಎಂದೇ ಕರೆಯುತ್ತಿದ್ದರು. ಬಲೆ ನೀರಿನಲ್ಲಿ ಮುಳುಗಬೇಕಾದರೆ ಅದರ ಕೆಳ ಅಂಚಿನ ಹಗ್ಗಕ್ಕೆ ಗೇಣಿಗೊಂದು ಸೀಸದ ಗುಂಡು ಕೂರಿಸಬೇಕು. ಗುಂಡಿನ ಸೀಳಿಗೆ ಹಗ್ಗ ಸೇರಿಸಿ ಒತ್ತಿ ಮುಚ್ಚಬೇಕು. ಬೇರೆಯವರಾದರೆ ಇಕ್ಕಳದಲ್ಲಿ ಒತ್ತುತ್ತಾರೆ. ಈ ಮನೆಯವರಿಗೆ ಎರಡು ಕೈಯೂ ಹಗ್ಗಕ್ಕೇ ಬೇಕು, ಹಾಗಾಗಿ ಗುಂಡನ್ನು ಹಲ್ಲಿನಲ್ಲೇ ಕಚ್ಚಿ ಮುಚ್ಚುತ್ತಾರೆ. ಮುಂದಿನ ನಾಲ್ಕೈದು ಗುಂಡು ಆಗಲೇ ದವಡೆಯಲ್ಲಿ ಕಾದಿರುತ್ತವೆ. ಅತ್ತೆ ಕಲಿಸಿದ ವಿದ್ಯೆ ಇದು. ಹನ್ನೆರಡು ವರ್ಷದಲ್ಲಿ ಸೊಸೆ ಅತ್ತೆಯನ್ನೇ ಮೀರಿಸಿದಳು, ಅತ್ತೆಗೆ ಅದೂ ಹೊಟ್ಟೆಯುರಿ.

ಅಂಥ ಚುರುಕಿನವಳು ಎರಡು ವರ್ಷದಿಂದ ಹಾಸಿಗೆ ಬಿಟ್ಟು ಏಳಲಾರದೆ ಒದ್ದಾಡುತ್ತಿದ್ದಳು. ಯಾರ ಮುಖವೂ ಬೇಡ, ಹೊಟ್ಟೆ ಹಿಂಡುತ್ತದೆ, ಅನ್ನ ಸೇರದು, ಬದುಕೇ ಸಾಕು. ಮನೋವೈದ್ಯರು ಖಿನ್ನತೆ ಎಂದು ಮಾತ್ರೆ ಬರೆದರು. ಆರು ವಾರವಾದರೂ ಏನೂ ಆಗಲಿಲ್ಲ. ಡೋಸ್ ಏರಿಸಿದರು, ಮಾತ್ರೆ ಬದಲಿಸಿದರು, ಮತ್ತೆ ಬದಲಿಸಿದರು. ಮೂರನೆಯದೂ ಮುಗಿಯಿತು, ಇವಳು ಇದ್ದಲ್ಲೇ ಇದ್ದಳು.

ಅತ್ತೆಯ ಪ್ರಕಾರ ಇದು ಕಾಯಿಲೆಯಲ್ಲ, ಮೈಗಳ್ಳತನ. ಸೊಸೆ ಮಾತ್ರೆ ಉಗುಳುತ್ತಾಳೆಂದು ದಿನಾ ಎದುರಿಗೇ ನುಂಗಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಆ ಬಾಯೊಳಗೆ ಇಣುಕಿದ ಮಹಾತಾಯಿಗೆ ಕಂಡದ್ದು ಮಾತ್ರೆಯೊಂದೇ! ಕೆಲಸ ಕೊಟ್ಟರೆ ತಲೆ ತಾನೇ ಸರಿಹೋಗುತ್ತದೆಂದು ಮಧ್ಯಾಹ್ನ ರಟ್ಟೆ ಹಿಡಿದು ಶೆಡ್ಡಿಗೆ ಎಳೆದು ಕೂರಿಸುವುದು ಬೇರೆ. ಗಂಡನೆಂಬ ಪ್ರಾಣಿ ಇದನ್ನೆಲ್ಲ ನೋಡಿಯೂ ನೋಡದವನ ಹಾಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದ.

ಒಂದು ದಿನ ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಶಾಲೆ ರಜೆ ಶುರುವಾಗೋ ಹೊತ್ತಿಗೆ ನೀನು ಮೊದಲಿನ ಹಾಗೆ ಕೂರ್ಲಿಲ್ಲ ಅಂದ್ರೆ, ನಿನ್ನ ಜಾಗದಲ್ಲಿ ನಿನ್ನ ಮಗಳು ಕೂರ್ತಾಳೆ."

ಮಗಳಿಗೆ ಒಂಬತ್ತು ವರ್ಷ. ಶೆಡ್ಡಿನ ಆ ಮಣೆಯ ಮೇಲೆ ಕೂತವರು ಮತ್ತೆ ಶಾಲೆಯ ಕಡೆ ತಲೆ ಹಾಕಿದ್ದನ್ನು ಇಕ್ಕಳ ಕಂಡಿರಲಿಲ್ಲ. ಸಾಯಬೇಕು ಎನ್ನುತ್ತಿದ್ದವಳು ಗುಣವಾಗಬೇಕೆಂದು ಹಟ ಹಿಡಿದದ್ದು ಅದೊಂದಕ್ಕೇ.

ಆಸ್ಪತ್ರೆಗೆ ಹೋದರೆ ಹಳೆಯ ವೈದ್ಯರಿರಲಿಲ್ಲ, ಗಂಟುಮುಖದ ಹೊಸ ಡಾಕ್ಟರಮ್ಮ ಕೂತಿದ್ದಳು. ಮಾತ್ರೆ ತಪ್ಪಿಸುತ್ತೀರಾ, ಬೇರೆ ಔಷಧಿ ಉಂಟಾ, ಕುಡಿಯುತ್ತೀರಾ, ಥೈರಾಯ್ಡ್ ನೋಡಿಸಿದ್ದೀರಾ ಎಂದು ಪೊಲೀಸರ ಹಾಗೆ ಕೇಳಿದಳು. ಇಕ್ಕಳ ರೇಗಿ, ಇಲ್ಲೂ ನನ್ನದೇ ತಪ್ಪಾ ಎಂದಳು. ಡಾಕ್ಟರಮ್ಮನೂ ರೇಗಿದಳು. ಮಾತ್ರೆ ಹಿಡಿಯದಿರುವುದಕ್ಕೆ ಹತ್ತಾರು ಕಾರಣಗಳಿರುತ್ತವೆ, ಕೆಲವರಲ್ಲಿ ಹುಡುಕಿದರೂ ಸಿಗುವುದಿಲ್ಲ, ಹಾಗಂತ ಹುಡುಕದೆ ಬಿಡಲಾ ಎಂದಳು. ಆಮೇಲೆ, ದಿನವಿಡೀ ಏನು ಕೆಲಸ ಎಂದು ಕೇಳಿದಳು. ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಇಕ್ಕಳ ಕತ್ತು ಓರೆ ಮಾಡಿ, ಇಲ್ಲದ ಹಗ್ಗ ಹಿಡಿದು, ಇಲ್ಲದ ಗುಂಡು ಕಚ್ಚಿ ತೋರಿಸಿದಳು.

ಡಾಕ್ಟರಮ್ಮ ಟಾರ್ಚ್ ಹಾಕಿ ವಸಡು ನೋಡಿದಳು. ಹಲ್ಲಿನ ಬುಡದುದ್ದಕ್ಕೂ ನೀಲಿಗಪ್ಪು ಗೆರೆ. ರಕ್ತ ಪರೀಕ್ಷೆಗೆ ಕಳಿಸಿದಳು. ವಾರದ ನಂತರ ವರದಿ ಬಂದಾಗ ರಕ್ತದಲ್ಲಿ ಸೀಸ ವಿಪರೀತವಿತ್ತು.

"ನಿಮ್ಮ ಖಿನ್ನತೆ ಸುಳ್ಳಲ್ಲಮ್ಮ. ಆದ್ರೆ ಬೆಳಿಗ್ಗೆ ಮಾತ್ರೆ ನುಂಗಿ ಮಧ್ಯಾಹ್ನ ವಿಷ ನುಂಗಿದ್ರೆ ಮಾತ್ರೆ ಏನು ಮಾಡೀತು?"

ಸೀಸ ಬಿಡಬೇಕು, ಅದನ್ನು ಮೈಯಿಂದ ಇಳಿಸಲು ಚಿಕಿತ್ಸೆ ಬೇಕು, ನಿಧಾನವಾಗುತ್ತದೆ ಎಂದಳು. ಇದನ್ನು ಕಲಿಸಿದ ಅತ್ತೆಯನ್ನೂ ಕರೆತನ್ನಿ, ಅವರ ಸಿಡುಕು, ಕೂಗಾಟಕ್ಕೂ ಇದೇ ಕಾರಣವಿರಬಹುದು ಎಂದಾಗ ಮಾತ್ರ ಇಕ್ಕಳ ಉರಿದುಬಿದ್ದಳು. ಹನ್ನೆರಡು ವರ್ಷ ಆ ಹೆಂಗಸು ತಿಂದ ಜೀವಕ್ಕೆ ಈಗ ಸೀಸ ಹೊಣೆಯೇ? ದಾರಿಯುದ್ದಕ್ಕೂ ಅವಳು ಅದನ್ನೇ ಗೊಣಗಿದಳು.

ಅಂದು ರಜೆಯ ಮೊದಲ ದಿನ. ಶೆಡ್ಡಿನಲ್ಲಿ ಮಗಳು ಮಣೆ ಮೇಲೆ ಕೂತಿದ್ದಳು, ಕೆನ್ನೆ ಉಬ್ಬಿತ್ತು. ಇಕ್ಕಳ ಓಡಿಹೋಗಿ ಮಗುವಿನ ಬಾಯಿಗೆ ಬೆರಳು ಹಾಕಿ ಗುಂಡುಗಳನ್ನು ತೆಗೆದು ನೆಲಕ್ಕೆ ಬಿಸಾಡಿದಳು. ಇದು ವಿಷ, ಇದೇ ನನ್ನ ಕಾಯಿಲೆ ಎಂದು ವರದಿಯನ್ನು ಅತ್ತೆಯ ಮುಖಕ್ಕೆ ಹಿಡಿದಳು.

"ನಲವತ್ತು ವರ್ಷ ಕಚ್ಚಿದ್ದೀನಿ ನಾನು. ನನಗೇನಾಗಿದೆ?" ಎಂದಳು ಅತ್ತೆ.

"ಏನಾಗಿದೆ ಅಂತ ನಾಳೆ ರಕ್ತ ಕೊಟ್ಟು ನೋಡಿ. ಸಿಡುಕು, ಹುಚ್ಚುಕೋಪ ಎಲ್ಲ ಇದರಿಂದ್ಲೇ ಇರಬಹುದಂತೆ. ಔಷಧಿ ಬೇಕಾದ್ರೆ ನಾನೇ ತಂದುಕೊಡ್ತೀನಿ. ಆದ್ರೆ ಬೈದಿದ್ದು ನೀವು, ಸೀಸ ಅಲ್ಲ. ಅದನ್ನ ನಾನು ಸಾಯೋ ತನಕ ಮರೆಯಲ್ಲ."

ಅತ್ತೆ ಎಗರಿ ಬೀಳುತ್ತಾಳೆಂದು ಇಕ್ಕಳ ಕಾದಳು. ಅತ್ತೆ ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳಿಗೆ ಓದು ಬಾರದು.

"ನಿನ್ನ ಗಂಡನಿಗಿಂತ ಮುಂಚೆ ನನಗೆ ಮೂರು ಬಸಿರು ನಿಲ್ಲಲಿಲ್ಲ," ಎಂದಳು. "ಎಲ್ಲ ನನ್ನ ಪಾಪ ಅಂದ್ರು. ಅದಕ್ಕೂ ಇದೇನಾ?"

ಇಕ್ಕಳ ಅದನ್ನು ಡಾಕ್ಟರಮ್ಮನ ಹತ್ತಿರ ಕೇಳಿರಲಿಲ್ಲ. ಗೊತ್ತಿಲ್ಲ ಎಂದಳು. ಹನ್ನೆರಡು ವರ್ಷದಿಂದ ಕೂಡಿಸಿಟ್ಟ ಬೈಗುಳದಲ್ಲಿ ಒಂದೂ ಬಾಯಿಗೆ ಬರಲಿಲ್ಲ, ಅದಕ್ಕೂ ಅವಳಿಗೆ ಅತ್ತೆಯ ಮೇಲೇ ಸಿಟ್ಟು ಬಂತು.