ಗಾಯದ ಪುಸ್ತಕದಲ್ಲಿ ನಾಯಿ

ಐವತ್ತರ ದಶಕದ ಕೊನೆಯಲ್ಲಿ ನಾನು ಮೂಡಬಿದ್ರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದೆ. ಮದ್ದು ಕಲಸುವುದು, ಗಾಯ ತೊಳೆಯುವುದು, ಸೂಜಿ ಕುದಿಸುವುದು, ಇದರ ಜೊತೆಗೆ ಗಾಯದ ಪುಸ್ತಕ ಬರೆಯುವುದೂ ನನ್ನ ತಲೆಗೇ ಬಂದಿತ್ತು. ಯಾರಿಗೆ ಗಾಯ, ಮೈಯ ಯಾವ ಭಾಗಕ್ಕೆ, ಯಾವುದರಿಂದ ಎಂದು ಮೂರು ಕಲಂ. ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದು ಊರೆಲ್ಲ ಹೊಗಳುತ್ತಿತ್ತು. ಆ ಮುತ್ತಿನಂಥ ಅಕ್ಷರದಲ್ಲಿ ಎಂಥ ಹೊಲಸು ಬರೆದೆ ಎಂದು ಈಗ ಹೇಳುತ್ತೇನೆ.

ಒಂದು ಬೆಳಿಗ್ಗೆ ಊರಿನ ಧಣಿ ಬಾಡಿಗೆ ಕಾರಿನಲ್ಲಿ ಬಂದ. ಎದುರಿಗೆ ಅವನನ್ನು ಎಲ್ಲರೂ ಬಹುವಚನದಲ್ಲೇ ಕರೆಯುತ್ತಿದ್ದೆವು. ಇಲ್ಲಿ ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ. ಕುರು ಎದ್ದವನ ಹಾಗೆ ಕಾಲು ಅಗಲಿಸಿ ನಡೆದು ಒಳಗೆ ಬಂದ. ಡಾಕ್ಟರು ಪರದೆ ಎಳೆದರು. ಪಂಚೆ ಬಿಚ್ಚಿದ ಮೇಲೆ ಗಾಯ ಎಲ್ಲಿ ಎಂದು ಗೊತ್ತಾಯಿತು. ಅಂಥ ಗಂಡಸರು ಯಾವುದನ್ನು ನಂಬಿ ಮೆರೆಯುತ್ತಾರೋ, ಅಲ್ಲಿ.

ತೊಳೆದವನು ನಾನು. ನಾಯಿಯ ಕೋರೆಹಲ್ಲು ಆಳಕ್ಕೆ ಇಳಿದು ಸೀಳುತ್ತದೆ. ಇಲ್ಲಿ ಮೇಲೊಂದು ಕೆಳಗೊಂದು ಕಮಾನಿನ ಹಾಗೆ ಸಣ್ಣ ಹಲ್ಲುಗಳ ಸಾಲು ಮೂಡಿತ್ತು. ಅದು ಮನುಷ್ಯರ ಬಾಯಿಯ ಗುರುತು ಎನ್ನಲು ದೊಡ್ಡ ವಿದ್ಯೆ ಬೇಡ.

"ನಾಯಿ ಕಚ್ಚಿದ್ದು," ಎಂದ ಧಣಿ, ಮಾಡಿನ ಹಂಚು ನೋಡುತ್ತಾ.

"ನಾಯಿ ಅಂತಲೇ ಬರೆಯಿರಿ," ಎಂದರು ಡಾಕ್ಟರು ನನಗೆ. "ಜಾಗ ತೊಡೆ ಅಂತ ಹಾಕಿ."

ಧಣಿಯ ಮನೆಯ ಬಾಳೆಗೊನೆ ತಿಂದ ಬಾಯಿ ಬೇರೇನು ಹೇಳೀತು? ಮನುಷ್ಯರು ಕಚ್ಚಿದ್ದು ಎಂದು ಬರೆದರೆ ಪೊಲೀಸರಿಗೆ ತಿಳಿಸಬೇಕಿತ್ತು. ಯಾರು ಕಚ್ಚಿದ್ದು, ಯಾಕೆ ಕಚ್ಚಿದ್ದು ಎಂದು ಅವರು ಕೇಳುತ್ತಿದ್ದರು. ನಾನು ನಾಯಿ ಎಂದೇ ಬರೆದೆ. ಬರೆದೆನಾದರೂ ಸಿಟ್ಟು ಇಳಿದಿರಲಿಲ್ಲ. ಹೇಗಾದರೂ ಅವನಿಗೆ ಒಂದು ಪಾಠ ಕಲಿಸಬೇಕು ಎನಿಸಿತು.

"ಆ ನಾಯಿ ಈಗ ಎಲ್ಲಿ ಉಂಟು?" ಎಂದು ಕೇಳಿದೆ.

"ಅದನ್ನು ಕೊಂದು ಹೂತು ಆಯಿತು ಮಾರಾಯ."

"ಹಾಗಾದರೆ ಅದಕ್ಕೆ ಹುಚ್ಚು ಇತ್ತೋ ಇಲ್ಲವೋ ನೋಡುವ ಹಾಗಿಲ್ಲ. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಆಗಲೇಬೇಕು. ನಾಯಿ ಎಂದು ಬರೆದು ಇಂಜೆಕ್ಷನ್ ಕೊಡದಿದ್ದರೆ ನಾಳೆ ಮೇಲಿನವರು ಬಂದು ಡಾಕ್ಟರನ್ನೇ ಕೇಳ್ತಾರೆ."

ಡಾಕ್ಟರ ಮುಖ ಬಿಳಿಚಿತು. ತಮ್ಮ ಕೆಲಸಕ್ಕೆ ಕುತ್ತು ಎಂದರೆ ಅವರಿಗೆ ಧಣಿಯೂ ಇಲ್ಲ, ಬಾಳೆಗೊನೆಯೂ ಇಲ್ಲ. ಮಂಗಳೂರಿನಿಂದ ಮದ್ದು ತರಿಸಲು ಆಗಲೇ ಚೀಟಿ ಬರೆದರು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ ನಾನು.

ಅದೇ ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಧಣಿಯ ಒಕ್ಕಲು, ಗಂಡ ಸತ್ತವಳು, ಮೂವತ್ತು ದಾಟಿದ ವಯಸ್ಸು. ತುಟಿ ಒಡೆದು ಕೆನ್ನೆ ಊದಿತ್ತು.

"ಬಿದ್ದದ್ದಾ?" ಎಂದೆ, ನೋಡಿದ ಕೂಡಲೇ ಎಲ್ಲ ಗೊತ್ತಾಗಿದ್ದೂ.

"ಅಲ್ಲ. ಧಣಿ ಹೊಡೆದದ್ದು. ದನದ ಹಟ್ಟಿಯಲ್ಲಿ ಮೈಮೇಲೆ ಬಿದ್ದರು, ಕಚ್ಚಿದೆ. ಈಗ ನಾನು ಅಡಿಕೆ ಕದ್ದೆ ಅಂತ ಹೇಳಿ ಮನೆ ಬಿಡಿಸ್ತಾರಂತೆ. ಪಟೇಲರ ಚಾವಡಿಯಲ್ಲಿ ಮಾತಿಗೆ ಉಂಟು. ಬಿಡಿಸಲಿ, ನೋಡುವ. ಧಣಿಯ ಗಾಯ ನಿಮ್ಮ ಪುಸ್ತಕದಲ್ಲಿ ಬರೆದದ್ದು ಉಂಟಲ್ಲ ಕಂಪೌಂಡ್ರೇ, ನನಗೆ ಅದೇ ಸಾಕು."

ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಹೇಳಬಹುದಿತ್ತು, ಹೇಳಲಿಲ್ಲ. ಅವನಿಗೆ ಹದಿನಾಲ್ಕು ಸೂಜಿ ಕಾದಿದೆಯಲ್ಲ, ಅದಕ್ಕಿಂತ ನ್ಯಾಯ ಬೇಕೇ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ. ಮದ್ದಿಗೆ ಅವಳು ಬಾಟ್ಲಿ ತಂದಿರಲಿಲ್ಲ. ಆಸ್ಪತ್ರೆಯದ್ದೇ ಒಂದು ಕೊಟ್ಟು, ದೊಡ್ಡ ಉಪಕಾರ ಮಾಡಿದವನ ಹಾಗೆ ಕಳುಹಿಸಿದೆ.

ಮದ್ದು ಬಂದ ಮೇಲೆ ಹದಿನಾಲ್ಕು ದಿನ ನನಗೆ ಹಬ್ಬ. ಮೊಂಡಾದ ಸೂಜಿಯನ್ನೇ ಆರಿಸುತ್ತಿದ್ದೆ. ಧಣಿ ಮೇಜಿನ ಮೇಲೆ ಮಲಗಿ ಅಂಗಿ ಎತ್ತಿದರೆ ಹೊಟ್ಟೆ ನಡುಗುತ್ತಿತ್ತು. ನೋವಿಗೆ ಹಲ್ಲು ಕಚ್ಚಿ, ಎದ್ದ ಮೇಲೆ ಹೊರಗಿನ ಜನಕ್ಕೆ ಕೇಳುವ ಹಾಗೆ, "ಇದೆಲ್ಲ ನಮಗೆ ಎಂಥದು ಇಲ್ಲ," ಎನ್ನುತ್ತಿದ್ದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಪ್ರತಿ ದಿನವೂ ನಾನು ಪುಸ್ತಕದಲ್ಲಿ ನಾಯಿ ಕಡಿತ, ಇಷ್ಟನೆಯ ಇಂಜೆಕ್ಷನ್ ಎಂದು ಬರೆದು ಸಹಿ ಹಾಕಿ ಒಳಗೊಳಗೇ ನಗುತ್ತಿದ್ದೆ.

ಚಾವಡಿಯಲ್ಲಿ ಮಾತುಕತೆಯ ದಿನ ಪಟೇಲರು ಪುಸ್ತಕದ ಜೊತೆ ನನ್ನನ್ನೂ ಕರೆಸಿದರು. ಅವಳು ನಡೆದದ್ದನ್ನು ತಲೆ ತಗ್ಗಿಸದೆ ಹೇಳಿದಳು. ಅಷ್ಟು ಗಂಡಸರ ನಡುವೆ ಹಾಗೆ ಹೇಳಿದ್ದಕ್ಕೇ ಅರ್ಧ ಜನ ಮುಖ ಸಿಂಡರಿಸಿದರು. ಮಾಡಿದವನ ಕಡೆಗೆ ಒಬ್ಬನೂ ಮುಖ ಸಿಂಡರಿಸಲಿಲ್ಲ, ಥೂ. ಪಟೇಲರು ಓದಲು ಹೇಳಿದರು. ಓದಿದೆ. ನಾಯಿ ಕಡಿತ, ತೊಡೆ. ಆಮೇಲೆ ಒಂದರಿಂದ ಹದಿನಾಲ್ಕರವರೆಗೆ.

ಧಣಿ ಎದ್ದು ಅಂಗಿ ಎತ್ತಿ ಹೊಟ್ಟೆ ತೋರಿಸಿದ. ಸೂಜಿಯ ಗುರುತುಗಳು ಕಪ್ಪಗೆ ಗಂಟುಕಟ್ಟಿದ್ದವು. ಮೊಂಡು ಸೂಜಿಯಿಂದ ಚುಚ್ಚಿದ್ದಕ್ಕೆ ದೂರದಲ್ಲಿದ್ದವರಿಗೂ ಕಾಣುತ್ತಿದ್ದವು.

"ನಾಯಿ ಕಚ್ಚದೆ ಯಾರಾದರೂ ಸುಮ್ಮನೆ ಹದಿನಾಲ್ಕು ಸಲ ಚುಚ್ಚಿಸಿಕೊಳ್ತಾರಾ?" ಎಂದರು ಪಟೇಲರು. ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು.

ಅವಳು ನನ್ನ ಕಡೆ ತಿರುಗಿದಳು. "ಗಾಯ ತೊಳೆದದ್ದು ನೀವೇ ಅಲ್ಲವಾ ಕಂಪೌಂಡ್ರೇ?"

"ಪುಸ್ತಕದಲ್ಲಿ ನಾಯಿ ಅಂತ ಉಂಟು," ಎಂದೆ.

ಆ ವಾರವೇ ಅವಳು ಮನೆ ಬಿಟ್ಟಳು. ವಿಟ್ಲದ ಕಡೆ ಅಣ್ಣನ ಮನೆಗೆ ಹೊರಟವಳು, ತಲೆಯ ಮೇಲೆ ಚಾಪೆ, ಪಾತ್ರೆಯ ಗಂಟು ಹೊತ್ತುಕೊಂಡೇ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಸೆರಗಿನಿಂದ ಮದ್ದಿನ ಬಾಟ್ಲಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಚೆನ್ನಾಗಿ ತೊಳೆದಿದ್ದಳು.

"ಇದು ಆಸ್ಪತ್ರೆಯದ್ದು, ವಾಪಸು ಕೊಟ್ಟಿದ್ದೇನೆ," ಎಂದಳು. "ಇದನ್ನಾದರೂ ಸರಿಯಾಗಿ ಬರೆಯಿರಿ."