ಮೇಲಿನ ಗೂಡಿನ ಎಣ್ಣೆ ಸೀಸೆ

ಸೊಲ್ಲಾಪುರದಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬಂದ ಮೊದಲ ಹೆಂಗಸು ಮಾತಿಲ್ಲದೆ ಬೆಂಚಿನ ಮೇಲೆ ಬೋರಲು ಮಲಗಿ, ಸೊಂಟದ ಮೇಲಿನ ಸೆರಗು ಸರಿಸಿ, ಒಂದು ಎಣ್ಣೆ ಸೀಸೆಯನ್ನು ನನ್ನ ಕೈಗಿತ್ತಳು. ನಾನು ಮುಂಬಯಿಯ ಆಸ್ಪತ್ರೆಯಲ್ಲಿ ಓದಿ, ಕಲಿತು ಬಂದವಳು. ಎಣ್ಣೆ ಬೇಡ, ಕಾಲು ಮಡಿಸಿ ನಿಧಾನವಾಗಿ ಎತ್ತಿ ಎಂದೆ. ಆಕೆ ಎದ್ದು ಕೂತಳು.

"ತಿಕ್ಕಂಗಿಲ್ಲೇನ್ರಿ? ನಮ್ಮ ಕಾಲು ನಾವ ಎತ್ತೂದಿದ್ರ ಮನ್ಯಾಗ ಎತ್ತತಿದ್ದಿವಲ್ಲ, ಇಲ್ಲೀತನಕ ಯಾಕ ಬರೂದು?"

ಸೀಸೆ ಕಿತ್ತುಕೊಂಡು ಹೊರಟೇ ಹೋದಳು.

ನಮ್ಮ ತುಮಕೂರಿನಲ್ಲೂ ಫಿಜಿಯೋಥೆರಪಿ ಎಂದರೆ ಯಾರಿಗೂ ತಿಳಿಯದು, ನಿಜ. ಆದರೆ ಅಲ್ಲಿ ತಿಳಿಯದ್ದಕ್ಕೆ ಜನ ಸುಮ್ಮನೆ ತಲೆಯಾಡಿಸುತ್ತಾರೆ. ಇಲ್ಲಿಯವರು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಾರೆ. ಗಿರಣಿಗಳ ಊರು, ಹೆಗಲು ಸೊಂಟ ಹಿಡಿದವರಿಗೆ ಬರವಿಲ್ಲ, ಬಾಗಿಲು ತೆರೆದರೆ ಸಾಕು ಎಂದುಕೊಂಡು ಬಂದಿದ್ದೆ. ಒಂಟಿ ಹೆಂಗಸಿಗೆ ಬಾಗಿಲು ಸಿಗುವುದೇ ಕಷ್ಟವಾಯಿತು. ಕೊನೆಗೆ ಬಟ್ಟೆ ವ್ಯಾಪಾರಿಯೊಬ್ಬರು ತಮ್ಮ ವಾಡೆಯ, ಅಂದರೆ ತೊಟ್ಟಿಮನೆಯ, ಮುಂದಿನ ಕೋಣೆ ಕೊಟ್ಟರು. ಗಂಡಸರನ್ನು ಒಳಗೆ ಬಿಡಬಾರದೆಂಬ ಕರಾರಿನ ಮೇಲೆ. ಗಿರಣಿಯ ಹೆಗಲುಗಳೆಲ್ಲ ಹಾಗೆ ಹೊಸ್ತಿಲಾಚೆಯೇ ಉಳಿದವು.

ನಸುಕಿನಲ್ಲಿ ಭೋಂಗಾ ಕೂಗುತ್ತದೆ. ಗಿರಣಿಯ ಕೂಗಿಗೆ ಇಲ್ಲಿ ಹಾಗೆನ್ನುತ್ತಾರೆ. ಊರೆಲ್ಲ ಎದ್ದು ಎಲ್ಲಿಗೋ ಹೊರಡುತ್ತಿತ್ತು; ನಾನು ಎದ್ದು ಬಾಗಿಲು ತೆರೆದು ಸುಮ್ಮನೆ ಕೂರುತ್ತಿದ್ದೆ. ವಾಡೆಯ ಹೆಂಗಸರು ನಲ್ಲಿಯ ಹತ್ತಿರ ಮರಾಠಿಯಲ್ಲಿ ನಗುತ್ತಾ ಮಾತಾಡುವರು. ನಾನು ಹೋದರೆ ನನ್ನ ಬಿಂದಿಗೆಗೆ ದಾರಿ ಬಿಟ್ಟು ಸುಮ್ಮನಾಗುವರು. ಅವರಿವರ ಮೈ ಮುಟ್ಟುವ ಕಸುಬಿನವಳೆಂದೋ ಏನೋ, ಯಾರೂ ಒಳಗೆ ಕರೆಯಲಿಲ್ಲ. ಇಲ್ಲಿಯ ಕಟಕ ರೊಟ್ಟಿಗೆ, ಅಂದರೆ ಒಣಗಿಸಿದ ಗರಿಗರಿ ಜೋಳದ ರೊಟ್ಟಿಗೆ, ಶೇಂಗಾ ಚಟ್ನಿ ಹಚ್ಚಿಕೊಂಡು ಕಡಿದರೆ ಕೋಣೆಯಲ್ಲಿ ಆ ಸದ್ದೊಂದೇ. ಮುದ್ದೆ ನುಂಗುವಾಗ ಸದ್ದಾಗುವುದಿಲ್ಲ, ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಕೇಳುವುದು ಮಾತು. ಅದು ನೆನಪಾದರೆ ಅಳು ಬರುತ್ತಿತ್ತು.

ಆಗ ಬಂದವಳು ಅಕ್ಕಲಕೋಟದ ಹತ್ತಿರದ ಮೈಂದರ್ಗಿಯ ನೀಲವ್ವ. ಅವಳ ಬಲಗೈ ಎದೆಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ರೊಟ್ಟಿ ಬಡಿಯಲಾಗದು, ತುರುಬು ಕಟ್ಟಲಾಗದು. ಅದಕ್ಕೆಂದೇ ಸೊಲ್ಲಾಪುರದ ಮಗಳ ಮನೆಗೆ ಬಂದು ಉಳಿದಿದ್ದಳು. ಅವಳ ಕೈಯಲ್ಲೂ ಸೀಸೆ. ಔಡಲೆಣ್ಣಿ, ನಾವು ಹರಳೆಣ್ಣೆ ಎನ್ನುತ್ತೇವಲ್ಲ, ಅದು. ಈ ಸಲ ನಾನು ವಾದಕ್ಕೆ ಹೋಗಲಿಲ್ಲ. ಸೀಸೆಯನ್ನು ಗೋಡೆಯ ಎತ್ತರದ ಗೂಡಿನಲ್ಲಿಟ್ಟು, "ಈ ಬಲಗೈಯಿಂದಲೇ ಅದನ್ನ ಇಳಿಸಿಕೊಳ್ಳಿ. ಆವತ್ತು ನಿಮ್ಮನ್ನ ಊರಿಗೆ ಕಳಿಸ್ತೀನಿ" ಎಂದೆ.

"ನೀ ಭಾಳ ಜಿಗುಟ ಇದ್ದಿ ನೋಡವ್ವಾ," ಎಂದು ನಕ್ಕಳು. "ಎಣ್ಣಿ ಕಣ್ಣಿಗೆ ತೋರಸ್ತಿ, ಕೈಗೆ ಕೊಡಂಗಿಲ್ಲ."

ತಿಂಗಳುಗಟ್ಟಲೆ ದಿನವೂ ಬಂದಳು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸುವುದು, ತೊಲೆಗೆ ಕಟ್ಟಿದ ಬಾವಿ ರಾಟೆಯ ಹಗ್ಗ ಎಳೆಯುವುದು. ನೋವಾದಾಗ ನನ್ನನ್ನೂ ನಾನು ಕಲಿತ ಮುಂಬಯಿಯನ್ನೂ ಸೇರಿಸಿ ಬೈಯುವಳು. ಆ ಬೈಗುಳಕ್ಕಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ. ಪೇಟೆಯಲ್ಲಿ ಕನ್ನಡ ಕಿವಿಗೆ ಬೀಳುತ್ತಿತ್ತು, ಆದರೆ ನನ್ನೊಡನೆ ಕೂತು ಮಾತಾಡುವವಳು ಅವಳೊಬ್ಬಳೇ. ಅವಳ ಬೆರಳು ಗೂಡಿಗೆ ಹತ್ತಿರವಾದಷ್ಟೂ ನನಗೆ ಖುಷಿಯಾಗಬೇಕಿತ್ತು. ಆಗುತ್ತಿತ್ತು, ಆದರೆ ಇನ್ನೆಷ್ಟು ದಿನ ಬರುತ್ತಾಳೆಂದು ಲೆಕ್ಕ ಹಾಕುತ್ತಿದ್ದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಗುಣವಾದವರು ಹೋಗಲೇಬೇಕಾದ ಕಸುಬು ನನ್ನದು.

ಒಂದು ಮಧ್ಯಾಹ್ನ ಅವಳ ಕೈ ಗೂಡು ಮುಟ್ಟಿತು, ಸೀಸೆ ಇಳಿಯಿತು. ನೀಲವ್ವ ನೆಲದ ಮೇಲೆ ಕೂತು ಬಿರಡೆ ತೆಗೆದಳು.

"ಬಾ, ಕುಂದ್ರು ಇಲ್ಲಿ. ದಿನಾ ಮಂದಿ ಮೈ ಮುಟ್ಟತಿ, ನಿನ್ನ ತಲಿ ಯಾರ ಮುಟ್ಟ್ಯಾರ? ಒಣಗಿ ಜ್ವಾಳದ ಕಣಕಿ ಆಗೇತಿ."

ಅದೇ ಬಲಗೈ ನನ್ನ ನೆತ್ತಿಗೆ ಎಣ್ಣೆ ತಟ್ಟಿತು. ನಾನು ಅತ್ತುಬಿಟ್ಟೆ. ಅವಳು ಇನ್ನಷ್ಟು ಎಣ್ಣೆ ಸುರಿದು ತಟ್ಟಿದಳು.

ಮರುದಿನ ಮೈಂದರ್ಗಿಯ ಬಸ್ಸು ಹತ್ತಿದಳು. ಅಲ್ಲಿ ಯಾರ್ಯಾರಿಗೆ ಏನು ಹೇಳಿದಳೋ, ಅಕ್ಕಲಕೋಟದ ಕಡೆಯ ಹಳ್ಳಿಗಳಿಂದ ಹೆಂಗಸರು ಬರತೊಡಗಿದರು, ಒಬ್ಬೊಬ್ಬರ ಕೈಯಲ್ಲೂ ಸೀಸೆ. ಎಲ್ಲವನ್ನೂ ಗೂಡಿಗೇರಿಸಿದೆ. ವಾಡೆಯ ಹೆಂಗಸರೂ ಸೊಂಟ ಹಿಡಿದುಕೊಂಡು ಬಂದರು. ಕಸುಬು ಕುದುರಿತು.

ಹೋದ ದೀಪಾವಳಿಗೆ ತುಮಕೂರಿಗೆ ಹೋಗಿದ್ದೆ. ನೀರೆರೆಯುವ ಬೆಳಗ್ಗೆ ಅಮ್ಮ ನನಗೆ ಮಣೆ ಹಾಕಿ, ಮೇಲಿನ ಹಲಗೆಯಲ್ಲಿದ್ದ ಹರಳೆಣ್ಣೆ ಸೀಸೆಗೆ ಕೈ ಚಾಚಿದಳು. ಕೈ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿತು. ತಮ್ಮನ ಹೆಂಡತಿ, ಅದು ದಿನದ ಅಭ್ಯಾಸವೆಂಬಂತೆ, ಬಂದು ಇಳಿಸಿಕೊಟ್ಟಳು.

"ಯಾವಾಗಿನಿಂದಮ್ಮ ಹೀಗೆ?"

"ಯುಗಾದಿಯಿಂದ ಕಣೆ. ಬರೆದ್ರೆ ಕೆಲಸ ಬಿಟ್ಟು ಓಡಿ ಬರ್ತೀಯ ಅಂತ ಸುಮ್ಮನಿದ್ದೆ."

ಇದ್ದಷ್ಟು ದಿನ ಗೋಡೆ ಹತ್ತಿಸಿದೆ, ಹಗ್ಗ ಎಳೆಸಿದೆ. ನೀಲವ್ವನ ಕಥೆ ಹೇಳಿ, ಸೀಸೆಯನ್ನು ಮತ್ತೆ ಮೇಲಿಟ್ಟೆ. ಅಮ್ಮ ಬೆರಳು ಹತ್ತಿಸುತ್ತಾ ಸೀಸೆಯನ್ನು ನೋಡುವಳು, ಆಮೇಲೆ ನನ್ನ ಮುಖ ನೋಡುವಳು. ಅಂಥ ತೋಳು ಸಡಿಲವಾಗಲು ತಿಂಗಳುಗಳೇ ಬೇಕು. ನನ್ನ ಬಾಗಿಲಲ್ಲಿ ಹೆಂಗಸರು ಕಾಯುತ್ತಿದ್ದರು. ನನ್ನ ಬಾಗಿಲು ಎಂದರೆ ಯಾವ ಊರಿನದೆಂದು ಈಗ ಬಿಡಿಸಿ ಹೇಳಬೇಕಾಗಿದೆ: ಸೊಲ್ಲಾಪುರದ್ದು.

"ನೀನು ಹೋದ ಮೇಲೆ ಇದನ್ನೆಲ್ಲ ನನಗೆ ಮಾಡಿಸೋರು ಯಾರೇ?" ಎಂದಳು ಅಮ್ಮ, ನಗುತ್ತಲೇ.

ಗಾಡಿಯ ಹೊತ್ತಾಗಿತ್ತು. ಸೀಸೆಯನ್ನು ಹಲಗೆಯಿಂದ ಇಳಿಸಿ, ಅವಳ ಕೈಗೆ ಸಿಗುವಂತೆ ಕೆಳಗಿಟ್ಟು ಬಂದೆ.