ಅಕ್ಕನ ಅಂಗೈ, ಇಲ್ಲದ ಪೊಲೀಸರು

ಕ್ಯಾಮೆರಾ ಕಂಡೊಡನೆ ಬ್ರೇಕಿನ ಮೇಲೆ ಇಳಿಯುವ ನಿಮ್ಮ ಕಾಲು, ಕ್ಯಾಮೆರಾ ಇಲ್ಲದ ಶಾಲೆಯೊಂದರ ಮುಂದೆ ಎಲ್ಲಿರುತ್ತದೆ?

ಎಂಬತ್ತರ ದಶಕದಲ್ಲಿ ನಮ್ಮ ರಸ್ತೆಗಳಲ್ಲಿ ಕ್ಯಾಮೆರಾ ಇರಲಿಲ್ಲ; ಮರದ ನೆರಳಿನಲ್ಲಿ ನಿಂತು ವೇಗದ ವಾಹನಗಳನ್ನು ತಡೆಯುವ ಪೊಲೀಸರಿದ್ದರು. ಅವರನ್ನು ದಾಟಿ ಬಂದ ಚಾಲಕ, ಎದುರಿನವನಿಗೆ ಕಿಟಕಿಯಿಂದ ಕೈ ಚಾಚಿ ಅಂಗೈಯನ್ನು ನೆಲದತ್ತ ಒತ್ತಿ ತೋರಿಸುತ್ತಿದ್ದ: ಮುಂದೆ ಪೊಲೀಸರಿದ್ದಾರೆ, ನಿಧಾನ. ದೇವದುರ್ಗದ ಲಾರಿಯವನಿಗೆ ರಾಯಚೂರಿನ ಬಸ್ಸಿನವನ ಹೆಸರು ತಿಳಿಯದಿದ್ದರೂ ಈ ಸನ್ನೆಯನ್ನು ಇಬ್ಬರೂ ತಪ್ಪದೆ ನಂಬುತ್ತಿದ್ದರು.

ಆಗ ನನ್ನ ಅಕ್ಕ ಪೋತ್ನಾಳದಲ್ಲಿ, ರಸ್ತೆಬದಿಯ ಶಾಲೆಯೊಂದರ ಶಿಕ್ಷಕಿಯಾಗಿದ್ದಳು. ಸಂಜೆ ಮಕ್ಕಳನ್ನು ರಸ್ತೆ ದಾಟಿಸುವುದೇ ಆಕೆಯ ದಿನನಿತ್ಯದ ಭಯವಾಗಿತ್ತು. ಲಾರಿಯೊಂದು ಮಗುವಿನ ಕೈಯಲ್ಲಿದ್ದ ಬರೆಯುವ ಪಾಟಿಯನ್ನು ಹಾರಿಸಿಕೊಂಡು ಹೋದ ದಿನದಿಂದ ಆಕೆಗೆ ಊಟವೇ ರುಚಿಸುತ್ತಿರಲಿಲ್ಲ.

ಒಂದು ಸಂಜೆ ರಾಯಚೂರಿನ ಕಾಲೇಜಿನಿಂದ ಊರಿಗೆ ಮರಳುತ್ತ ನಾನು ಬಸ್ಸಿನ ಮುಂದಿನ ಸೀಟಿನಲ್ಲಿದ್ದೆ. ಮಾನ್ವಿ ದಾಟಿದ್ದೇ ತಡ, ಬಸ್ಸು ಹಾರತೊಡಗಿತು. ಆ ದಿನ ಕಾಲೇಜಿನಲ್ಲಿ ನಡೆದಿದ್ದ ಚರ್ಚಾಸ್ಪರ್ಧೆಯ ಹುರುಪಿನಲ್ಲೇ ನಾನು ವೇಗದ ವಿರುದ್ಧ ವಾದ ಹೂಡಿದೆ.

"ಭಾಷಣ ಕಾಲೇಜಿನ್ಯಾಗ ಮಾಡು ತಮ್ಮಾ," ಎಂದರು ಚಾಲಕರು. "ಸಾವಕಾಶ ಹೋದ್ರ ಈ ಮಂದಿನೇ ಬೈತಾರ."

"ಹೌದ್ರೀ, ಹೊಡೀರಿ! ನನ್ನ ಎಮ್ಮಿ ಹಾದಿ ನೋಡಾಕತ್ತಿರ್ತದ," ಎಂದು ಹಿಂದಿನ ಸೀಟಿನ ಅಜ್ಜಿ ಕೂಗಿದಳು.

ಪೋತ್ನಾಳದ ಶಾಲೆ ಕಂಡಿತು. ರಸ್ತೆಯಂಚಿನಲ್ಲಿ ಅಕ್ಕ, ಪಕ್ಕದಲ್ಲಿ ನೂಕಾಡುತ್ತಿದ್ದ ಮಕ್ಕಳು. ಅವರನ್ನು ತಡೆಯಲೆಂದು ಆಕೆ ಕೈ ಚಾಚಿ ಅಂಗೈಯನ್ನು ಕೆಳಕ್ಕೆ ಒತ್ತಿದಳು. ಬ್ರೇಕು ಕಿರುಚಿತು! ನಾವೆಲ್ಲ ಮುಗ್ಗರಿಸಿದೆವು.

ಚಾಲಕರು ತಲೆ ಹೊರಹಾಕಿದರು. "ಎಲ್ಲಿ ನಿಂತಾರ್ರೀ ಟೀಚರ, ಪೊಲೀಸ್ರು?"

"ಯಾವ ಪೊಲೀಸ್ರ್ರೀ? ನಾ ಹುಡುಗ್ರಿಗೆ ನಿಂದರ್ರಿ ಅಂದೆ!"

ಬಸ್ಸಿಗೆ ಬಸ್ಸೇ ನಕ್ಕಿತು. "ಟೀಚರ್‌ಗೆ ಹೆದರಿದಿ ನೋಡೋ ಯಪ್ಪಾ!" ಎಂದು ಅಜ್ಜಿ ಛೇಡಿಸಿದಳು. ನಿಂತ ಬಸ್ಸಿನ ಮುಂದೆ ಮಕ್ಕಳು ಸಾಲಾಗಿ ದಾಟಿದರು. ಕೊನೆಯ ಹುಡುಗಿ ತಿರುಗಿ ಚಾಲಕರಿಗೆ ಕೈಮುಗಿದಳು. ಅವರೊಬ್ಬರು ಮಾತ್ರ ನಗಲಿಲ್ಲ.

ಬಸ್ಸು ಹೊರಟಿತು. ಎದುರಿನಿಂದ ಲಾರಿಯೊಂದು ಧೂಳೆಬ್ಬಿಸುತ್ತ ಬರುತ್ತಿತ್ತು. ಚಾಲಕರು ಕೈ ಚಾಚಿ ಅಂಗೈ ಒತ್ತಿದರು. ಲಾರಿ ತೆವಳತೊಡಗಿತು!

"ಪೊಲೀಸ್ರು ಇಲ್ಲಲ್ರೀ?" ಎಂದೆ.

"ಹುಡುಗ್ರು ಅದಾರಲ್ಲಪಾ."

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮರುದಿನದಿಂದ ಅಕ್ಕ ಆ ಸನ್ನೆಯನ್ನು ಬೇಕೆಂದೇ ಮಾಡಿದಳು. ಆ ದಾರಿಯ ಚಾಲಕರೆಲ್ಲ ಅದನ್ನು ಎದುರಿನವರಿಗೆ ದಾಟಿಸಿದರು. ಪೊಲೀಸರಿಲ್ಲವೆಂದು ಎಲ್ಲರಿಗೂ ತಿಳಿದ ಮೇಲೂ ಬಸ್ಸುಗಳು ಅಲ್ಲಿ ನಿಧಾನವಾಗುತ್ತಲೇ ಇದ್ದವು. ಅಕ್ಕ ಮತ್ತೆ ಹೊಟ್ಟೆತುಂಬ ಉಣ್ಣತೊಡಗಿದಳು.

ನಾಳೆ ಯಾವುದಾದರೂ ಶಾಲೆಯ ಮುಂದೆ ಹಾಯುವಾಗ ದಯವಿಟ್ಟು ವೇಗ ತಗ್ಗಿಸಿ. ಎದುರಿನವರಿಗೂ ಅಂಗೈ ತೋರಿಸಿ.